ಆಮೆ ಕೇಳಿದ ಸೊನ್ನೆ

“ಅಲ್ಲ ಚಿಕ್ಕಮ್ಮ, ಇದು ಕ್ಲಾಸ್ ರೂಮಾ, ಇಲ್ಲ ಬಸ್ ಸ್ಟ್ಯಾಂಡಾ?”

“ಬಸ್ ಸ್ಟ್ಯಾಂಡೇ ಅಂದ್ಕೋ. ಅವರವರ ಬಸ್ ಬಂದಾಗ ಅವರವರು ಹತ್ತುತ್ತಾರೆ. ಬಾಗಿಲಿಗೆ ಅಡ್ಡ ನಿಲ್ಲಬೇಡ, ಒಳಗೆ ಬಾ.”

ಕಾಲೇಜಿಗೆ ರಜೆಯೆಂದು ಚಿಕ್ಕಮ್ಮನ ಹೈಸ್ಕೂಲು ನೋಡಲು ಬಂದ ಹುಡುಗಿ ಬೆಕ್ಕಸ ಬೆರಗಾದಳು. ಒಂಬತ್ತನೇ ತರಗತಿ, ಬೀಜಗಣಿತದ ಪೀರಿಯಡ್ಡು. ಆದರೆ ಒಂದು ಡೆಸ್ಕಿನಲ್ಲಿ ಮೈನಸ್ ಚಿಹ್ನೆಯ ಜಗಳ, ಇನ್ನೊಂದರಲ್ಲಿ ಬ್ರಾಕೆಟ್ ಬಿಡಿಸುವ ಕೆಲಸ, ಹಿಂದೆ ಇಬ್ಬರು ಇನ್ನೇನೋ ಸಮೀಕರಣದಲ್ಲಿ ಮುಳುಗಿ ಲೋಕವನ್ನೇ ಮರೆತಿದ್ದಾರೆ! ಒಂದು ಪಾಠ ಪೂರ್ತಿ ಕೈವಶವಾಗುವ ತನಕ ಮುಂದಿನದು ಇಲ್ಲ. ಪರೀಕ್ಷೆ ಎಷ್ಟು ಸಲ ಬೇಕಾದರೂ ಬರೆಯಬಹುದು. ಫೇಲು ಎನ್ನುವ ಮಾತೇ ಇಲ್ಲ, ‘ಇನ್ನೂ ಆಗಿಲ್ಲ’ ಅಷ್ಟೇ. ಮಕ್ಕಳು ಚಿಕ್ಕಮ್ಮನಿಗೆ ಇಟ್ಟ ಹೆಸರು ‘ಮತ್ತೊಮ್ಮೆ ಮಿಸ್’. ಬೆನ್ನ ಹಿಂದೆ ಕರೆಯುತ್ತಾರೆ, ಅವಳಿಗೂ ಗೊತ್ತು.

ಮೊದಲು ಅವಳೂ ಎಲ್ಲರ ಹಾಗೆ ಪೋರ್ಷನ್ ಓಡಿಸುವ ಟೀಚರೇ. ಒಂದು ದಿನ ಕ್ಲಾಸಿಗೇ ಫಸ್ಟ್ ಬರುವ ಹುಡುಗನನ್ನು, “ಎಕ್ಸ್ ಅಂದ್ರೆ ಏನಪ್ಪಾ?” ಎಂದು ಸುಮ್ಮನೆ ಕೇಳಿದಳಂತೆ. “ಎಡಗಡೆ ಬರೆಯೋದು ಮಿಸ್” ಎಂದನಂತೆ! ಅವತ್ತು ಸಿಡಿಲು ಬಡಿದವಳಂತೆ ಮನೆಗೆ ಬಂದು, ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ನೋಡುತ್ತಲೇ ನಿಂತಿದ್ದಳು. ಮಾರನೆಯ ದಿನದಿಂದ ಈ ಪದ್ಧತಿ.

ಕಿಟಕಿಯ ಪಕ್ಕ ಒಂದು ಬೆಂಚು. ತಪ್ಪು ಮಾಡಿದವರು ಅಲ್ಲಿ ಕೂತು, ಅದು ಯಾಕೆ ತಪ್ಪು ಎಂದು ಇನ್ನೊಬ್ಬರಿಗೆ ಬಿಡಿಸಿ ಹೇಳಿ, ಕೇಳಿದವರು ‘ಆಯ್ತು’ ಎಂದ ಮೇಲೇ ಏಳಬೇಕು. ತಪ್ಪಿಗೆ ತಲೆಯಾಡಿಸಿ ‘ಸರಿ’ ಎಂದವರಿಗೂ ಅದೇ ಬೆಂಚು. ಈಗ ಅಲ್ಲಿ ಕೂತಿದ್ದವಳು ಒಬ್ಬಳೇ ಹುಡುಗಿ. ಸ್ನೇಹಿತೆಯರು ಅವಳನ್ನು ಆಮೆ ಎಂದು ಕರೆದರೆ, “ಏನ್ರೇ ಮೊಲಗಳಾ?” ಎನ್ನುತ್ತಿದ್ದಳು.

“ಇವತ್ತು ಹೆಡ್‌ಮಾಸ್ಟರ್ ನೋಡೋಕೆ ಬರ್ತಾರೆ” ಎಂದಳು ಚಿಕ್ಕಮ್ಮ, ದನಿ ತಗ್ಗಿಸಿ. “ಈ ಪದ್ಧತಿ ಬೇಡ ಅಂದ್ರೆ ಸೋಮವಾರದಿಂದ ಎಲ್ಲರಿಗೂ ಒಂದೇ ಪುಟ. ಆಮೇಲೆ ಇವಳ ಗತಿ ಏನು ಹೇಳು?”

ಹೇಳುವಷ್ಟರಲ್ಲಿ ಅವರು ಬಂದೇಬಿಟ್ಟರು. ಒಂದು ಕಾಲದಲ್ಲಿ ಅವರೂ ಗಣಿತದ ಮೇಷ್ಟ್ರೇ. ಅವರ ಕಣ್ಣು ನೇರ ಕಿಟಕಿಯ ಕಡೆ ಹೋಯಿತು.

“ಈ ಮಗು ಇನ್ನೂ ಅಲ್ಲೇ ಇದೆಯಲ್ಲ ಮೇಡಂ! ಹೀಗಾದ್ರೆ ಪೋರ್ಷನ್ ಮುಗಿಯೋದು ಯಾವ ಕಾಲಕ್ಕೆ?”

“ಪೋರ್ಷನ್ ಮುಗಿಸೋದು ಸುಲಭ ಸಾರ್. ತಲೆಗೆ ಹತ್ತಬೇಕಲ್ಲ?”

“ಎಲ್ಲಿ, ಬೋರ್ಡ್ ಮೇಲೆ ಒಂದು ಲೆಕ್ಕ ಮಾಡಿ. ನೋಡೋಣ ಹೇಗೆ ಹತ್ತಿಸ್ತೀರಾಂತ.”

ಚಿಕ್ಕಮ್ಮ ಸೀಮೆಸುಣ್ಣ ತೆಗೆದುಕೊಂಡಳು. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಅದರ ಐದು ಪಟ್ಟು ಬರುತ್ತದೆ. ಆ ಸಂಖ್ಯೆ ಯಾವುದು? ಎಡಕ್ಕೆ ಎಕ್ಸ್ ಗುಣಿಸು ಎಕ್ಸ್, ಬಲಕ್ಕೆ ಐದು ಗುಣಿಸು ಎಕ್ಸ್. ಎರಡೂ ಕಡೆ ಒಂದೊಂದು ಎಕ್ಸ್ ಹೊಡೆದು ಹಾಕಿದಳು. ಎಕ್ಸ್ ಅಂದರೆ ಐದು.

“ಸರಿಯಾಗಿದೆ” ಎಂದರು ಹೆಡ್‌ಮಾಸ್ಟರ್. ಕಾಲೇಜು ಹುಡುಗಿಯೂ ತಲೆಯಾಡಿಸಿದಳು.

“ಮಿಸ್, ಸೊನ್ನೆ ಎಲ್ಲಿ ಹೋಯ್ತು?”

ಕೇಳಿದ್ದು ಆಮೆ! “ನಾನು ಯಾವ ಲೆಕ್ಕಕ್ಕೂ ಮೊದಲು ಸೊನ್ನೆ ಹಾಕಿ ನೋಡ್ತೀನಿ ಮಿಸ್. ಸೊನ್ನೆ ಸೊನ್ನೆಲ ಸೊನ್ನೆ. ಐದು ಸೊನ್ನೆಲ ಕೂಡ ಸೊನ್ನೆ. ಅದೂ ಉತ್ತರ ತಾನೆ? ನೀವು ಎಕ್ಸ್ ಹೊಡೆದು ಹಾಕಿದಾಗ ಅದೂ ಹೋಗ್ಬಿಡ್ತು.”

ಚಿಕ್ಕಮ್ಮನ ತಪ್ಪು, ಅದೂ ಇವತ್ತು, ಅದೂ ಇವರ ಮುಂದೆ! ಎಲ್ಲ ಮುಗಿಯಿತು ಅಂದುಕೊಂಡಳು ಕಾಲೇಜು ಹುಡುಗಿ. ಚಿಕ್ಕಮ್ಮ ಬೋರ್ಡನ್ನು ನೋಡಿದಳು, ಸೀಮೆಸುಣ್ಣ ಕೆಳಗಿಟ್ಟಳು, ಸೀದಾ ಹೋಗಿ ಆಮೆಯ ಪಕ್ಕ ಬೆಂಚಿನ ಮೇಲೆ ಕೂತಳು.

ಕೂತ ಮೇಲೆ ತಲೆ ಎತ್ತಿ, “ಸಾರ್, ನೀವೂ ಸರಿ ಅಂದ್ರಿ” ಎಂದಳು.

ಹೆಡ್‌ಮಾಸ್ಟರರ ಮುಖ ಕೆಂಪಾಯಿತು, ಬಿಳುಚಿತು, ಆಮೇಲೆ ಯಾವ ಬಣ್ಣವೆಂದು ಹೇಳಲಾಗದಂತಾಯಿತು. ಆಮೇಲೆ ಏನು ಮಾಡಿದರು ಗೊತ್ತೇ? ಬಂದು ಬೆಂಚಿನ ತುದಿಯಲ್ಲಿ ಕೂತರು! ಕಾಲೇಜು ಹುಡುಗಿಯೂ ಬಾಯಿ ಬಿಟ್ಟುಕೊಂಡೇ ಹೋಗಿ ಕೂತಳು. ಬೆಂಚು ಕಿರ್ರೆಂದಿತು.

“ಎಕ್ಸ್ ಸೊನ್ನೆ ಆಗಿದ್ರೆ ಅದರಿಂದ ಭಾಗಿಸಬಾರದಮ್ಮ” ಎಂದರು ಹೆಡ್‌ಮಾಸ್ಟರ್.

“ಯಾಕೆ ಸಾರ್?”

“ಯಾಕೆ ಅಂದ್ರೆ... ಬಾರದು. ನಮ್ಮ ಮೇಷ್ಟ್ರು ಹೇಳಿದ್ರು.”

“ಇನ್ನೂ ಆಗಿಲ್ಲ ಸಾರ್” ಎಂದಳು ಆಮೆ, ತುಂಬ ಬೇಸರದಿಂದ. “ಅಕ್ಕಾ, ನೀವು?”

“ಇನ್ಫಿನಿಟಿ... ಏನೋ ಬರುತ್ತಲ್ಲ?”

“ನಿಮ್ಮದೂ ಆಗಿಲ್ಲ.”

ಚಿಕ್ಕಮ್ಮ ಬಾಗಿ ಆಮೆಯ ಕಿವಿಯಲ್ಲಿ ಹೇಳತೊಡಗಿದಳು. ಹೆಡ್‌ಮಾಸ್ಟರ್ ಕತ್ತು ಉದ್ದ ಮಾಡಿದರು. “ಕದ್ದು ಕೇಳಿದ್ದು ಲೆಕ್ಕಕ್ಕಿಲ್ಲ ಸಾರ್!” ಎಂದು ಹಿಂದಿನ ಡೆಸ್ಕಿನಿಂದ ಯಾರೋ ಕೂಗಿದರು. ಇಡೀ ಕ್ಲಾಸು ಘೊಳ್ಳೆಂದಿತು.

“ಮಿಸ್‌ದು ಆಯ್ತು” ಎಂದಳು ಆಮೆ.

“ನನ್ನ ತಪ್ಪು ಬಿಡಿಸಿ ಹೇಳಿದೆಯಲ್ಲ, ನಿನ್ನದೂ ಆಯ್ತು, ಏಳು” ಎಂದಳು ಚಿಕ್ಕಮ್ಮ. “ಮುಂದಿನ ಪಾಠಕ್ಕೆ ಹೋಗು.”

ಗಂಟೆ ಹೊಡೆಯಿತು. ಅಂಗಳದ ತನಕ ಹೆಡ್‌ಮಾಸ್ಟರ್ ತುಟಿಯಲ್ಲೇ ಗೊಣಗುತ್ತಿದ್ದರು: “ಸೊನ್ನೆ ಎಷ್ಟಲ ಹತ್ತು... ಎಷ್ಟಲ ಆದ್ರೂ ಸೊನ್ನೆನೇ ಅಲ್ವಾ...”

“ಸಾರ್, ಸೋಮವಾರದ್ದು?” ಎಂದಳು ಚಿಕ್ಕಮ್ಮ, ಹಿಂದೆಯೇ ಬಂದು.

“ಪಾಠನೇ ಮುಗಿಸದೆ ತೀರ್ಮಾನ ಎಲ್ಲಿಂದ ಕೊಡಲಿ ಮೇಡಂ? ಅಲ್ಲಿ ತನಕ ಹೀಗೇ ನಡೀಲಿ. ಮುಂದಿನ ವಾರ ಇದೇ ಪೀರಿಯಡ್ಡಿಗೆ ಬರ್ತೀನಿ.”

“ನಾನೂ ಬರ್ತೀನಿ ಸಾರ್!” ಎಂದಳು ಕಾಲೇಜು ಹುಡುಗಿ.

ಆಮೆ ಕಿಟಕಿಯಿಂದ ತಲೆ ಹೊರಹಾಕಿದಳು. “ಜಾಗ ಹಿಡಿದಿಟ್ಟಿರ್ತೀನಿ. ಇಬ್ಬರಿಗೂ.”