ಬ್ರೇಕಿನ ಪಕ್ಕದ ತಗಡು

ನಮ್ಮ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ಕಾರು ಹತ್ತುವಂತಿರಲಿಲ್ಲ. ಅದು ಅತ್ತೆಯವರ ಕಾನೂನು. ಕುಮಾರಸ್ವಾಮಿ ಲೇಔಟ್ ಆಗುವ ಮುಂಚೆ ಅಲ್ಲೇ ರಾಗಿ ಬೆಳೆದವರು ಅವರು. ಎತ್ತು ಹೋಗಿ ಕಾರು ಬಂದರೂ ಪೂಜೆ ಮಾತ್ರ ಅದೇ. ಶುಕ್ರವಾರ ಸ್ಟೀರಿಂಗಿಗೆ ಕುಂಕುಮ, ಬಾನೆಟ್ಟಿನ ಮೇಲೆ ಸೇವಂತಿಗೆ. ನಾವೆಲ್ಲ ಚಪ್ಪಲಿಯನ್ನು ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಟ್ಟು ಬರಿಗಾಲಲ್ಲೇ ಓಡಿಸುತ್ತಿದ್ದೆವು. ತೊಂಬತ್ತರ ದಶಕದ ನಡುಭಾಗ ಅದು. ನಮ್ಮ ಬೀದಿಯಲ್ಲಿ ಕಾರು ಓಡಿಸುವ ಹೆಂಗಸು ನಾನೊಬ್ಬಳೇ, ಅದೂ ಬರಿಗಾಲಿನವಳು. ನೋಡಿದವರು ಏನೋ ಹರಕೆ ಹೊತ್ತಿದ್ದಾಳೆ ಎಂದುಕೊಂಡಿರಬೇಕು.

ಇವರಿಗೆ ಆಗ ರೇಸಿನ ಹುಚ್ಚು. ವಾರವೆಲ್ಲ ಬನಶಂಕರಿಯ ನಮ್ಮ ಹಾರ್ಡ್‌ವೇರ್ ಅಂಗಡಿ, ಭಾನುವಾರ ಬಂತೆಂದರೆ ಗೆಳೆಯರ ಜೊತೆ ಯಾವುದಾದರೂ ಮಣ್ಣಿನ ಮೈದಾನದಲ್ಲಿ ಗಿರಗಿರ ಸುತ್ತುವುದು. ತಿರುವಿನಲ್ಲಿ ಬ್ರೇಕ್ ಒತ್ತುತ್ತಲೇ, ಅದೇ ಬಲಗಾಲಿನ ಅಂಚಿನಿಂದ ಆಕ್ಸಿಲರೇಟರನ್ನೂ ಒಮ್ಮೆ ತಟ್ಟಿ ಗೇರ್ ಇಳಿಸಬೇಕಂತೆ. ಆಗ ಕಾರು ಮುಗ್ಗರಿಸುವುದಿಲ್ಲವಂತೆ. ನಮ್ಮ ಹಳೆಯ ಚಿಕ್ಕ ಕಾರಿನಲ್ಲಿ ಆ ಎರಡು ಪೆಡಲುಗಳ ನಡುವೆ ಅಂತರ ಜಾಸ್ತಿ. ಒಂದು ಸಂಜೆ ಅಂಗಡಿಯಿಂದ ಅಲ್ಯೂಮಿನಿಯಂ ತಗಡು ತಂದು ಆಕ್ಸಿಲರೇಟರಿನ ಮೇಲೆ ಬೋಲ್ಟ್ ಹಾಕಿ ಕೂರಿಸಿದರು. ಪಾದ ಇಟ್ಟು ಇಟ್ಟು ನೋಡಿ ತಗಡಿನ ಅಂಚನ್ನು ಬ್ರೇಕಿನ ಪಕ್ಕಕ್ಕೇ ತಂದರು. ಪಾದ ಎಂದರೆ ಬರಿಯ ಪಾದ. ಶೂ ಹಾಕಿ ನೋಡಬೇಕೆಂದು ಆ ಮನೆಯಲ್ಲಿ ಯಾರಿಗೆ ಹೊಳೆಯಬೇಕು?

"ರೀ, ನಾನೂ ಓಡ್ಸೋ ಗಾಡಿ ಅದು," ಎಂದೆ.

"ಏನೂ ಆಗಲ್ಲ ಕಣೇ. ಬೇಕಾದ್ರೆ ನೀನೇ ಕೂತು ನೋಡು."

ಕೂತು ನೋಡಿದೆ. ನನ್ನ ಕಾಲಿಗೆ ತಗಡು ತಾಗಲೇ ಇಲ್ಲ. ಆದರೂ ಅದು ನನಗೆ ಹಿಡಿಸಲಿಲ್ಲ. ಬ್ರೇಕ್ ಎಂದರೆ ಬ್ರೇಕ್, ಅದರ ಪಕ್ಕದಲ್ಲಿ ಆಟ ಎಂಥದ್ದು?

ಆ ವಾರದ ಶನಿವಾರ ನಾನು ಶಾಲೆಯಿಂದ ಬಂದಾಗ ಮಧ್ಯಾಹ್ನ. ನಾನು ಟೀಚರು, ಸ್ಪೋರ್ಟ್ಸ್ ಡೇ ಪ್ರಾಕ್ಟೀಸ್ ಇದ್ದುದರಿಂದ ಸೀರೆಯ ಕೆಳಗೆ ದಪ್ಪ ರಬ್ಬರ್ ತಳದ ಕ್ಯಾನ್ವಾಸ್ ಶೂ. ಬಾಗಿಲಲ್ಲೇ ಅತ್ತೆಯವರು ಗೋಡೆಗೆ ಒರಗಿ ಕೂತಿದ್ದರು. ಉಬ್ಬಸ ಅವರಿಗೆ ಹೊಸದಲ್ಲ, ಆದರೆ ತುಟಿ ನೀಲಿಗಟ್ಟಿದ್ದನ್ನು ನಾನು ನೋಡಿದ್ದು ಅವತ್ತೇ. ಅಂಗಡಿಗೆ ಫೋನ್ ಮಾಡಿದೆ. ಇವರು ಬೊಮ್ಮನಹಳ್ಳಿಗೆ ಸಾಮಾನು ಕೊಡಲು ಹೋಗಿದ್ದರು. ಅತ್ತೆಯವರನ್ನು ತಬ್ಬಿ ಎಬ್ಬಿಸಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಅವರು ಏದುಸಿರು ಬಿಡುತ್ತಲೇ ನನ್ನ ಕಾಲಿನತ್ತ ಬೆರಳು ತೋರಿಸಿದರು.

"ಶೂ ಆಮೇಲೆ ಅತ್ತೆ, ಮೊದ್ಲು ಆಸ್ಪತ್ರೆ," ಎಂದು ಗದರಿ ಕಾರು ಹೊರಡಿಸಿದೆ.

ಬೀದಿಗಳಲ್ಲಿ ಮೆಲ್ಲಗೆ ಬ್ರೇಕ್ ಹಾಕಿದಾಗ ಏನೂ ಗೊತ್ತಾಗಲಿಲ್ಲ. ಬನಶಂಕರಿಯ ಕಡೆಗಿನ ಇಳಿಜಾರಿನಲ್ಲಿ ಮುಂದೆ ಒಂದು ಸಿಟಿ ಬಸ್ಸು ನಿಂತಿತ್ತು, ಜನ ಇಳಿಯುತ್ತಿದ್ದರು. ಬ್ರೇಕನ್ನು ಜೋರಾಗಿ ಒತ್ತಿದೆ. ಕಾರು ನಿಲ್ಲುವುದರ ಬದಲು ಗುರ್ ಎಂದು ಮುಂದಕ್ಕೆ ಎಳೆಯಿತು.

ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಜೋರಾಗಿ ಎಳೆಯಿತು. ಬಸ್ಸಿನ ಹಿಂಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ಇಳಿಯುತ್ತಿದ್ದ ಹೆಂಗಸಿನ ಬೆನ್ನು ಕಾಣಿಸುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಬ್ರೇಕ್ ಕೆಳಗೆ ಹೋದಷ್ಟೂ ಶೂವಿನ ಅಂಚು ಪಕ್ಕದ ತಗಡನ್ನೂ ಅದುಮುತ್ತಿದೆ ಎಂದು ನನಗೆ ಆಗ ತಿಳಿಯಲಿಲ್ಲ. ಬ್ರೇಕೇ ನನ್ನ ವೈರಿಯಾಯಿತು ಎನ್ನಿಸಿತು, ಅಷ್ಟೇ. ಆ ಭಯಕ್ಕೇ ಕಾಲು ಕಿತ್ತುಕೊಂಡೆ. ಇಂಜಿನ್ನಿನ ಅರಚಾಟ ತಟ್ಟನೆ ಇಳಿಯಿತು. ಹ್ಯಾಂಡ್‌ಬ್ರೇಕ್ ಎಳೆದು ಎಡಕ್ಕೆ ತಿರುಗಿಸಿದೆ. ಯಾರೋ ಮನೆ ಕಟ್ಟಿಸಲು ಸುರಿಸಿದ್ದ ಮರಳಿನ ರಾಶಿಗೆ ಕಾರು ಮೂತಿ ತೂರಿಸಿ ನಿಂತಿತು.

ಅತ್ತೆಯವರ ಎದೆ ಇನ್ನೂ ಸೀಟಿ ಊದುತ್ತಿತ್ತು. ಆ ಸದ್ದು ಕೇಳಿ ಅಳು ಬಂತು, ಬದುಕಿದ್ದಾರಲ್ಲ ಎಂದು. ಬಗ್ಗಿ ನೋಡಿದಾಗ ತಗಡಿನ ಮೇಲೆ ರಬ್ಬರಿನ ಕಪ್ಪು ಗೆರೆ ಕಂಡಿತು. ಆಗ ಅರ್ಥವಾಯಿತು. ಒಂದು ಆಟೋ ಸಿಗಲಿ ಎಂದು ರಸ್ತೆ ನೋಡಿದೆ. ಒಂದೂ ಇರಲಿಲ್ಲ. ಅತ್ತೆಯವರ ತುಟಿ ಇನ್ನಷ್ಟು ಕಪ್ಪಗಾಗಿತ್ತು.

ಶೂ ಕಿತ್ತು ರಸ್ತೆಗೆ ಎಸೆದೆ. ರಿವರ್ಸ್ ಹಾಕಿ ಹೊರಬಂದೆ. ಆಮೇಲಿನ ಜಯನಗರದ ದಾರಿಯನ್ನು ಹೇಗೆ ಮುಗಿಸಿದೆನೋ. ಪ್ರತಿ ಸಿಗ್ನಲ್ಲಿನಲ್ಲೂ ಬ್ರೇಕಿನ ಮೇಲೆ ಕಾಲಿಡಲು ಹೆದರಿಕೆ, ಇಡದಿದ್ದರೆ ಅದಕ್ಕಿಂತ ಹೆದರಿಕೆ.

ನರ್ಸಿಂಗ್ ಹೋಮಿನಲ್ಲಿ ಆಕ್ಸಿಜನ್ ಇಟ್ಟರು, ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಅತ್ತೆಯವರು ಎದ್ದು ಕೂತು ಕಾಫಿ ಕೇಳಿದರು. ಇವರು ಓಡಿ ಬಂದರು. ನಡೆದದ್ದನ್ನು ಹೇಳಿದೆ. ಇವರು ಹೊರಗೆ ಹೋಗಿ, ತಗಡು ಬಿಚ್ಚಿ, ಮುಖ ಸಪ್ಪಗೆ ಮಾಡಿಕೊಂಡು ಬಂದು ನಿಂತರು. ಬೈಯಲು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಆ ಮುಖ ನೋಡಿ ಕಾಫಿ ತರಲು ಎದ್ದೆ.

ಡಾಕ್ಟರು ಮನೆಗೆ ಹೋಗಬಹುದು ಎಂದಾಗ ಇವರು ಕಾರಿನ ಕೀಗೆ ಕೈಚಾಚಿದರು. ಅತ್ತೆಯವರು ತಡೆದರು.

"ನೀನ್ ಹಿಂದೆ ಕೂತ್ಕೊ. ಅವ್ಳು ಓಡಿಸ್ತಾಳೆ."

"ನನ್ ಕೈಲಾಗಲ್ಲ ಅತ್ತೆ. ಭಯ ಆಗುತ್ತೆ," ಎಂದೆ.

"ನಂಗೂ ಆಗ್ತದೆ," ಎಂದರು. "ಇವತ್ತು ಬಿಟ್ರೆ ನೀನ್ ಇನ್ ಮುಟ್ಟಲ್ಲ. ಮುಂದಿನ್ ಸಲ ನಂಗೆ ಉಸ್ರು ಕಟ್ಟಿದ್ರೆ ಯಾರ್ ಕರ್ಕೊಂಡ್ ಬರ್ತಾರೆ? ನಡಿ."

ಓಡಿಸಿದೆ. ಮನೆ ತಲುಪುವವರೆಗೂ ಅತ್ತೆಯವರು ಎರಡೂ ಕೈಯಲ್ಲಿ ಸೀಟಿನ ಅಂಚು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ನಿಧಾನ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ.