ಅತ್ತೆ ಕೇಳಿದ ಸ್ಯಾಂಡ್‌ವಿಚ್

ಮೊದಲೇ ಹೇಳಿಬಿಡುತ್ತೇನೆ, ಈ ವಾರ ಬರೆಯುತ್ತಿರುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಅವತ್ತು ಮಂಗಳವಾರವೋ ಬುಧವಾರವೋ ನೆನಪಿಲ್ಲ. ಹಿತ್ತಲು ಒದ್ದೆಯಾಗಿತ್ತು; ಮಳೆ ಬಂದಿತ್ತೋ, ನಾನೇ ತೊಳೆದಿದ್ದೆನೋ, ಅದೂ ಖಚಿತವಿಲ್ಲ. ಆದರೆ ನನ್ನ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ನಿಂತು, ಕೈಯಲ್ಲಿ ಒಂದು ಹಸಿರು ತಟ್ಟೆ ಹಿಡಿದು, "ನಂಗೂ ಒಂದು ಸ್ಯಾಂಡ್‌ವಿಚ್ ಮಾಡ್ಕೊಡೆ" ಅಂದದ್ದು ನಿಜ.

ತಟ್ಟೆ ಹಿಡಿದಿದ್ದರು ಅಂತ ನನ್ನ ನೆನಪು. ನನ್ನ ಸಂಕಟವೆಲ್ಲ ಆ ತಟ್ಟೆಯಿಂದಲೇ ಶುರುವಾಗುವುದರಿಂದ, ಅದನ್ನೂ ನೀವು ಪೂರ್ತಿ ನಂಬಬೇಡಿ.

ನಮ್ಮದು ದಟ್ಟಗಳ್ಳಿಯಲ್ಲಿ ಸಣ್ಣ ಹಿತ್ತಲಿರುವ ಮನೆ. ಪಕ್ಕದ ಸೈಟು ಖಾಲಿ. ಖಾಲಿ ಎಂದರೆ ಪಾರ್ಥೇನಿಯಂ ಗಿಡ, ಒಡೆದ ಟೈಲ್ಸು ಮತ್ತು ಜರಿಹುಳ. ಬಚ್ಚಲಿಗೇ ಜರಿಹುಳ ಬರತೊಡಗಿದಾಗ ನನ್ನ ಗಂಡ ರಘು, "ಕೋಳಿ ಸಾಕಿದ್ರೆ ಇವನ್ನೆಲ್ಲ ತಿಂದು ಹಾಕ್ತವೆ" ಅಂದ. ಜೋಕು ಅಂದುಕೊಂಡೆ. ಮುಂದಿನ ಭಾನುವಾರ ರಟ್ಟಿನ ಡಬ್ಬದಲ್ಲಿ ನಾಲ್ಕು ನಾಟಿ ಕೋಳಿ ಬಂದವು. ನಾಲ್ಕೂ ಹೇಂಟೆ. (ಹುಂಜ ಬೇಡ ಎಂದದ್ದು ನಾನು. ಅಕ್ಕಪಕ್ಕದವರ ನಿದ್ದೆ ಕೆಡಿಸಿ ಈ ಲೇಔಟಿನಲ್ಲಿ ಬಾಳುವುದು ಕಷ್ಟ.)

ಜರಿಹುಳ ಕಡಿಮೆಯಾದವು. ಮೊಟ್ಟೆ ಶುರುವಾದವು. ತೊಂದರೆ ಅಲ್ಲಿಂದ.

ನಮ್ಮದು ಸಸ್ಯಾಹಾರಿಗಳ ಮನೆ. ಅತ್ತೆಯ ತಂದೆ ಸಂಸ್ಕೃತದ ಮೇಷ್ಟ್ರು. ಅತ್ತೆ ಎಪ್ಪತ್ತು ದಾಟಿದ ಮೇಲೂ ಬೇಕರಿ ಕೇಕನ್ನು ಮೂಸಿ ನೋಡಿ ಪಕ್ಕಕ್ಕಿಡುವವರು. ನಾನು ಯೂನಿವರ್ಸಿಟಿಯಲ್ಲಿ ಓದುವಾಗ ಮೊಟ್ಟೆ ತಿನ್ನಲು ಕಲಿತವಳು. ಮಗಳು ಸಿರಿಗೆ ಮೊಟ್ಟೆ ಎಂದರೆ ಪ್ರಾಣ. ಹಾಗಾಗಿ ಮನೆಯಲ್ಲಿ ಒಂದು ಕಾಯಿದೆ ಜಾರಿಗೆ ಬಂತು. ಮೊಟ್ಟೆಯ ಬಾಣಲೆ, ಕರೆಂಟ್ ಒಲೆ, ಒಂದು ಚಾಕು, ಎರಡು ಹಸಿರು ಪ್ಲಾಸ್ಟಿಕ್ ತಟ್ಟೆ, ಇವಿಷ್ಟೂ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಬೇಯಿಸುವುದು ಅಲ್ಲೇ, ತಿನ್ನುವುದು ಅಲ್ಲೇ, ತೊಳೆಯುವುದೂ ಅಲ್ಲೇ. ಹೊಸ್ತಿಲು ದಾಟುವಂತಿಲ್ಲ.

ಈ ಕಾಯಿದೆ ಮಾಡಿದ್ದು ಯಾರು? ಅತ್ತೆ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ಕೂತು ಯೋಚಿಸಿದರೆ, ಅವರು ಅಂದದ್ದು "ಏನಾದ್ರೂ ಮಾಡ್ಕೊಳಿ" ಅಂತ ಮಾತ್ರ. ಉಳಿದದ್ದೆಲ್ಲ ನನ್ನದೇ ಡ್ರಾಫ್ಟಿಂಗ್.

ಮೊದಮೊದಲು ಅತ್ತೆ ಹಿತ್ತಲ ಬಾಗಿಲು ಹಾಕಿಕೊಂಡೇ ಇರುತ್ತಿದ್ದರು. ಆಮೇಲೆ ಒಳಗಿನಿಂದಲೇ ವಿಚಾರಣೆ ಶುರುವಾಯಿತು. "ಅವಕ್ಕೆ ನುಚ್ಚು ಹಾಕಿದ್ಯಾ? ನೀರು ಬದಲಾಯಿಸಿದ್ಯಾ?" ಕೆಲವೇ ದಿನಗಳಲ್ಲಿ ನುಚ್ಚಿನ ಡಬ್ಬ ಅವರ ಕೈಗೆ ಹೋಯಿತು. ಸೊಪ್ಪಿನ ದಂಟು, ಕುಂಬಳಕಾಯಿ ತಿರುಳು, ಮಿಕ್ಕ ಅನ್ನ ಎಲ್ಲವನ್ನೂ ಸಣ್ಣಗೆ ಹೆಚ್ಚಿ ಹಾಕುತ್ತಿದ್ದರು. (ನಮಗೆ ಹಾಕುವ ಪಲ್ಯಕ್ಕೂ ಅಷ್ಟು ಸಣ್ಣಗೆ ಹೆಚ್ಚುತ್ತಿರಲಿಲ್ಲ.) ಮೊಟ್ಟೆಯನ್ನು ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಎತ್ತಿಡುತ್ತಿದ್ದರು. ಆ ಕವರ್ ಯಾವತ್ತು ಮಾಯವಾಯಿತೋ ನಾನು ಗಮನಿಸಲಿಲ್ಲ.

"ಸಾಕೋಳು ನಾನು, ತಿನ್ನೋರು ನೀವು. ಚೆನ್ನಾಗಿದೆ ಕಣೆ ನಿಮ್ಮ ಸಂಸಾರ," ಅನ್ನುತ್ತಿದ್ದರು. ನಾನೂ ಸಿರಿಯೂ ನಗುತ್ತಿದ್ದೆವು.

ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತರು.

"ಹುಂಜ ಇಲ್ಲ ಅಂದ್ಮೇಲೆ ಇವು ಇಡೋ ಮೊಟ್ಟೇಲಿ ಜೀವ ಇರಲ್ಲ ಅಲ್ವೇನೆ?"

"ಇಲ್ಲ ಅತ್ತೆ. ಎಷ್ಟು ದಿನ ಕಾವಿಗೆ ಕೂರಿಸಿದ್ರೂ ಮರಿ ಆಗಲ್ಲ."

"ಹಂಗಾದ್ರೆ ಹಾಲು ಇದ್ದಂಗೆ."

"ಹೆಚ್ಚುಕಮ್ಮಿ," ಅಂದು ನಾನು ಟವೆಲ್ಲು ಮಡಚಿದೆ.

ಅದನ್ನು ಬಯಾಲಜಿ ಪ್ರಶ್ನೆ ಎಂದುಕೊಂಡಿದ್ದೆ. ಅದು ಪರ್ಮಿಷನ್ ಕೇಳುವ ದಾರಿ ಇರಬಹುದು ಅಂತ ಹೊಳೆಯಲೇ ಇಲ್ಲ. ಡಿಗ್ರಿ ಇದ್ದು ಏನು ಪ್ರಯೋಜನ?

ಇನ್ನು ಸ್ಯಾಂಡ್‌ವಿಚ್ ವಿಷಯ. ಸಿರಿಯ ಡಬ್ಬಕ್ಕೆ ನಾನು ಬ್ರೆಡ್ಡಿನ ಮಧ್ಯೆ ಇಡದ ಪದಾರ್ಥವಿಲ್ಲ. ನಿನ್ನೆಯ ಹುರುಳಿಕಾಯಿ ಪಲ್ಯ, ಬೆಣ್ಣೆ ಸವರಿ ಕಾವಲಿಯ ಮೇಲೆ ಒತ್ತಿದರೆ ಅದ್ಭುತ. ಹೀರೇಕಾಯಿ ಸಿಪ್ಪೆ ಚಟ್ನಿ, ಮೇಲೆ ಎರಡು ಬಿಲ್ಲೆ ಟೊಮೆಟೊ. ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರಿಗೆ ಸೌತೆಕಾಯಿ, ಶುಂಠಿ. ಅವರೆಕಾಯಿ ಕಾಲದಲ್ಲಿ ಹಿತುಕಿದ ಬೇಳೆ. ಕೋಸಂಬರಿಯನ್ನೂ ಇಟ್ಟು ನೋಡಿದೆ, ಬೇಳೆಯೆಲ್ಲ ಯೂನಿಫಾರ್ಮಿನ ಮೇಲೆ. ಆದರೆ ಸಿರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇಯಿಸಿದ ಮೊಟ್ಟೆಯನ್ನು ಬೆಣ್ಣೆ, ಈರುಳ್ಳಿ, ಕಾಳುಮೆಣಸಿನ ಪುಡಿ ಹಾಕಿ ಕಿವುಚಿದ್ದು. ಅದು ಡಬ್ಬಕ್ಕಲ್ಲ. ಸ್ಕೂಲಿನಿಂದ ಬಂದ ಮೇಲೆ ಹಿತ್ತಲಲ್ಲಿ ಕೂತು ತಿನ್ನುವುದಕ್ಕೆ.

ಅವತ್ತು ನಾನು ಕಿವುಚುತ್ತಿದ್ದದ್ದು ಅದನ್ನೇ. ಸಿರಿ ಕಲ್ಲಿನ ಮೇಲೆ ಕೂತಿದ್ದಳು. ಅತ್ತೆ ಮೆಟ್ಟಿಲಿಗೆ ಬಂದು, ತಮಗೂ ಒಂದು ಬೇಕು ಅಂದರು. ನಾನು ತಿರುಗಿ ನೋಡಿದೆ.

"ಅಯ್ಯೋ ಅತ್ತೆ, ಅದು ಮೊಟ್ಟೆ ತಟ್ಟೆ. ಯಾಕೆ ಮುಟ್ಟಿದ್ರಿ? ಕೊಡಿ ಇಲ್ಲಿ."

ಕೈಯಿಂದ ತಟ್ಟೆ ತೆಗೆದುಕೊಂಡೆ. ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡೆ. ಒಳಗೆ ಹೋಗಿ ಹೊಸ ಬ್ರೆಡ್ ಪ್ಯಾಕೆಟ್ ಒಡೆದೆ. ಒಳಗಿನ ಚಾಕು, ಒಳಗಿನ ಹಲಗೆ, ಸೌತೆಕಾಯಿ, ಗಟ್ಟಿ ಮೊಸರು. ಸ್ಟೀಲ್ ತಟ್ಟೆಯಲ್ಲಿಟ್ಟು ಹಾಲ್‌ಗೇ ತಂದುಕೊಟ್ಟೆ. ಎಷ್ಟು ಮರ್ಯಾದೆಯ ಸೊಸೆ ನಾನು ಅಂತ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ ಕೂಡ.

ಅತ್ತೆ ಅರ್ಧ ತಿಂದರು. "ಚೆನ್ನಾಗಿದೆ ಕಣೆ," ಅಂದರು. ಉಳಿದರ್ಧವನ್ನು ಕೋಳಿಗಳಿಗೆ ಹಾಕಿದರು.

ಮತ್ತೆ ಯಾವತ್ತೂ ಕೇಳಲಿಲ್ಲ.

ಕೆಲವು ವಾರಗಳ ನಂತರ, ಕುವೆಂಪುನಗರದಲ್ಲಿರುವ ನನ್ನ ವಾರಗಿತ್ತಿ ಸುಮಕ್ಕ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅತ್ತೆ ಒತ್ತಾಸೆಗೆ ಅಂತ ಹೋದರು. ಕಾಲು ಕೂಡಿತು, ಅತ್ತೆ ಮಾತ್ರ ವಾಪಸ್ ಬರಲಿಲ್ಲ. ಅಲ್ಲಿ ಪಾರ್ಕು ಹತ್ತಿರ, ಡಾಕ್ಟರು ಹತ್ತಿರ, ದೇವಸ್ಥಾನ ಹತ್ತಿರ. ಇನ್ನು ಅಲ್ಲೇ ಇರಲಿ ಎಂದು ಅಣ್ಣತಮ್ಮಂದಿರು ಫೋನಿನಲ್ಲೇ ತೀರ್ಮಾನ ಮಾಡಿದರು. ನಾನೂ ಹೂಂ ಅಂದೆ. ಸುಮಕ್ಕನ ಮನೆಯೊಳಗೆ ಬೆಳ್ಳುಳ್ಳಿಗೂ ಪ್ರವೇಶವಿಲ್ಲ.

ಹೋದ ತಿಂಗಳು ಹಿತ್ತಲಲ್ಲಿ ಕೂತು ತಿನ್ನುತ್ತಿದ್ದ ಸಿರಿ ಇದ್ದಕ್ಕಿದ್ದಂತೆ, "ಪಾಪ, ಅಜ್ಜಿಗೆ ಇದು ಸಿಗಲೇ ಇಲ್ಲ" ಅಂದಳು.

"ಯಾವುದು?"

"ಇದೇ. ಅವತ್ತು ಅಜ್ಜಿ ಕೇಳಿದ್ದು ಇದನ್ನೇ ಅಲ್ವಾ? ನೀನು ಸೌತೆಕಾಯಿದು ಮಾಡ್ಕೊಟ್ಬುಟ್ಟೆ."

"ಇದನ್ನೇ ಅಂತ ನಿಂಗೆ ಹೇಗೆ ಗೊತ್ತು?"

"ಗೊತ್ತಿಲ್ಲಮ್ಮ. ಹಂಗನ್ನಿಸ್ತು."

"ಅಜ್ಜಿ ಕೈಯಲ್ಲಿ ಹಸಿರು ತಟ್ಟೆ ಇತ್ತಲ್ವಾ?"

"ಯಾವ ತಟ್ಟೆ?"

ಇದ್ದ ಒಬ್ಬಳು ಸಾಕ್ಷಿಯೂ ಕೈಕೊಟ್ಟಳು. ತಟ್ಟೆ ನಿಜವಾಗಿ ಇತ್ತೋ, ಅಥವಾ ಆಮೇಲೆ ನನ್ನ ಪಶ್ಚಾತ್ತಾಪ ತಂದು ಅವರ ಕೈಗಿಟ್ಟಿತೋ? ಅವರು ಮೆಟ್ಟಿಲ ಮೇಲಿದ್ದರೋ, ಹೊಸ್ತಿಲ ಒಳಗೋ? ನೆನಪು ಬೇಕಾದ ಹಾಗೆ ಕೂರುತ್ತದೆ, ಬೇಕಾದ ಹಾಗೆ ನಿಲ್ಲುತ್ತದೆ.

ಒಂದು ಮಾತ್ರ ಗಮನಿಸಿದ್ದೇನೆ. ಮನೆಯ ಹಿರಿಯರ ಪರವಾಗಿ ನಾವು ಎಷ್ಟು ಸಲೀಸಾಗಿ ಉತ್ತರ ಕೊಡುತ್ತೇವೆ. ಅವರು ತಿನ್ನಲ್ಲ. ಅವರಿಗೆ ಆಗಿಬರಲ್ಲ. ಅವರು ಅಷ್ಟು ದೂರ ಬರಲ್ಲ. ಯಾವಾಗಲೋ ಒಮ್ಮೆ ಬೇಡ ಅಂದದ್ದನ್ನು ಹಿಡಿದುಕೊಂಡು ಜೀವಮಾನವಿಡೀ ಕಾವಲು ಕಾಯುತ್ತೇವೆ. ಅವರೇ ಬಾಗಿಲು ತೆಗೆಯಲು ಬಂದರೆ, ಗೌರವದಿಂದಲೇ ಒಳಗೆ ಕಳಿಸುತ್ತೇವೆ. ನಿಮ್ಮ ಮನೆಯಲ್ಲಿ ಹೀಗಿಲ್ಲವೇ?

ಕಳೆದ ಭಾನುವಾರ ಕುವೆಂಪುನಗರಕ್ಕೆ ಹೋದೆ. ಎರಡು ಡಬ್ಬ ಒಯ್ದಿದ್ದೆ. ಸೌತೆಕಾಯಿಯದು ಕೈಚೀಲದಲ್ಲಿ, ಮೊಟ್ಟೆಯದು ಸ್ಕೂಟರಿನ ಡಿಕ್ಕಿಯಲ್ಲಿ. ಅವರ ಮನೆಯೊಳಗೆ ಕದ್ದು ಒಯ್ಯುವುದು ತಪ್ಪು. ಹಾಗಾದರೆ ಅದನ್ನು ತಂದದ್ದಾದರೂ ಯಾಕೆ? ನನಗೇ ಗೊತ್ತಿರಲಿಲ್ಲ.

ಅತ್ತೆ ಕೇಳಿದ್ದೆಲ್ಲ ಕೋಳಿಗಳ ವಿಷಯ. "ಕಪ್ಪಂದು ಮೊಟ್ಟೆ ಇಡ್ತಿದ್ಯಾ? ಕಾವು ಬಂದು ಮುದುರಿ ಕೂತ್ಕೊಂಡಿತ್ತಲ್ಲ, ಎದ್ದು ಓಡಾಡ್ತಿದ್ಯಾ?"

"ನೋಡಮ್ಮ, ನಮ್ಮ ಆರೋಗ್ಯ ಯಾವತ್ತಾದ್ರೂ ಇಷ್ಟು ವಿಚಾರಿಸಿದ್ದಾರಾ?" ಅಂದರು ಸುಮಕ್ಕ.

"ನೀನು ಮುದುರಿ ಕೂತ್ಕೊಂಡಾಗ ಬಂದೆನಲ್ಲೇ," ಅಂದರು ಅತ್ತೆ. ಎಲ್ಲರೂ ನಕ್ಕೆವು. ಸೌತೆಕಾಯಿ ಸ್ಯಾಂಡ್‌ವಿಚ್ ಖಾಲಿಯಾಯಿತು. ಅತ್ತೆ ಒಂದು ತುಂಡು ತಿಂದರು, ಅದೇ ಧ್ವನಿಯಲ್ಲಿ ಚೆನ್ನಾಗಿದೆ ಅಂದರು.

ಹೊರಟಾಗ ಗೇಟಿನವರೆಗೆ ಅವರೊಬ್ಬರೇ ಬಂದರು. ಸ್ಕೂಟರು ಅಷ್ಟು ಹೊತ್ತೂ ಬಿಸಿಲಿನಲ್ಲೇ ಇತ್ತು. ಡಿಕ್ಕಿಯಲ್ಲಿದ್ದದ್ದು ಇನ್ನು ಯಾರಿಗೂ ಕೊಡುವ ಸ್ಥಿತಿಯಲ್ಲಿ ಇರಲಾರದು. ಹಾಗಾಗಿ ತೆಗೆಯಲಿಲ್ಲ. ಕೊಡಲಾಗದಿದ್ದರೂ ಕೇಳಬಹುದಲ್ಲ ಅಂತ ಕೇಳಿದೆ, ಇಷ್ಟು ತಡವಾಗಿ.

ಅತ್ತೆ ನನ್ನ ಮುಖ ನೋಡಿದರು. ಸೀಟಿನ ಮೇಲಿದ್ದ ಒಣಗಿದ ಎಲೆಯನ್ನು ಕೈಯಿಂದ ಸರಿಸಿದರು. ಒಳಗಿನಿಂದ ಸುಮಕ್ಕ ಮಾತ್ರೆಯ ಹೊತ್ತಾಯಿತು ಅಂತ ಕರೆದರು. ಅತ್ತೆ ಹೋದರು.

ನಾನು ಕೇಳಿದ್ದು ಇಷ್ಟೇ: "ಅತ್ತೆ, ಅವತ್ತು ನಿಮಗೆ ನಿಜವಾಗ್ಲೂ ಮೊಟ್ಟೇದೇ ಬೇಕಿತ್ತಾ?"