ಸೂಜಿಗಿಂತ ಮೊದಲು ಒಂದು ಮಾತು

ಮೊದಲು ಕೇಳಿಸಿದ್ದು ಹಿಟ್ಟಿನ ಗಿರಣಿಯಲ್ಲಿ.

ಎಮರ್ಜೆನ್ಸಿ ಮುಗಿದ ಮರುವರ್ಷ. ನಮ್ಮೂರು ಮೊರಬದಲ್ಲಿ ಜೋಳ ಬೀಸಿಸಲು ಪಾಳಿಯಲ್ಲಿ ನಿಂತಿದ್ದೆ. ಎಂಜಿನ್ನಿನ ಸದ್ದಿನೊಳಗಿಂದ ಯಾರೋ ನನ್ನ ಹೆಸರು ಹಿಡಿದು ಬೈದರು. ಸುತ್ತ ನೋಡಿದೆ, ಯಾರೂ ಬಾಯಿ ತೆರೆದಿರಲಿಲ್ಲ. ಆಮೇಲೆ ಆ ಧ್ವನಿ ಮನೆಗೂ ಬಂತು. ನಿದ್ದೆ ಹೋಯಿತು. ಗಿರಣಿಯ ಈರಪ್ಪಣ್ಣ ಹಿಟ್ಟಿನಲ್ಲಿ ವಿಷ ಬೆರೆಸುತ್ತಾನೆ ಎಂದು ಅದು ಹೇಳಿತು. ನಾನು ನಂಬಿದೆ.

ಒಂದು ಸಂಜೆ ತೂಕದ ಕಲ್ಲೆತ್ತಿ ಅವನಿಗೆ ಹೊಡೆದೆ. ಅವನ ಮುಂಗೈ ಮುರಿಯಿತು.

ಪೊಲೀಸರು, ಲಾಕಪ್ಪು, ಕೋರ್ಟು. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ನಾನಿಲ್ಲವೆಂದು ಮ್ಯಾಜಿಸ್ಟ್ರೇಟರು ಮಾನಸಿಕ ಆಸ್ಪತ್ರೆಗೆ ಕಳಿಸಿದರು. ಗುಣವಾದ ಮೇಲೆ ಕೇಸು ಮುಂದುವರಿಯುವುದಿತ್ತು. ಅಲ್ಲಿ ಕೊಟ್ಟ ಗುಳಿಗೆಯನ್ನು ಉಗುಳಿದೆ. ಅದೂ ವಿಷವೆಂದೇ ನನ್ನ ನಂಬಿಕೆ.

ಹಿಡಿದು ಮಲಗಿಸಿ ಇಂಜೆಕ್ಷನ್ ಚುಚ್ಚಿದರು.

ಏನು ಕೊಟ್ಟರು, ಯಾಕೆ ಕೊಟ್ಟರು, ಯಾರೂ ಹೇಳಲಿಲ್ಲ. ಕೆಲವು ವಾರಗಳಲ್ಲಿ ಧ್ವನಿ ಅಡಗಿತು, ಅದು ನಿಜ. ಆದರೆ ಮೈ ಕೊರಡಾಯಿತು. ಜೊಲ್ಲು ಸುರಿಯುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ತಲೆ ತಿಳಿಯಾದಂತೆಲ್ಲ ಹೇಳಬೇಕಾದ ಮಾತು ಹೆಚ್ಚಾಗುತ್ತಿತ್ತು, ಹೇಳುವ ಬಾಯಿ ಮಾತ್ರ ಇರಲಿಲ್ಲ.

ಕೋರ್ಟಿನ ತಾರೀಖು ಹತ್ತಿರ ಬಂದಾಗ ನನ್ನ ಪರ ವಕೀಲರು ನೋಡಲು ಬಂದರು.

"ಕೋರ್ಟಿನಾಗ ಹಿಂಗ ಸುಮ್ನ ನಿಂದರವ್ವಾ. ಸಾಹೇಬ್ರಿಗೆ ಕನಿಕರ ಬರ್ತದ."

"ನಾ ಮಾತಾಡ್ತೀನ್ರಿ," ಎಂದೆ ತೊದಲುತ್ತ. "ನನಗ ಒಂದ್ ಮಾತೂ ಹೇಳದ ಸೂಜಿ ಹಾಕಾಕ ಕಾಯ್ದೆದಾಗ ಐತೇನ್ರಿ?"

"ಕೋರ್ಟ್ ಆಸ್ಪತ್ರಿಗೆ ಕಳಸ್ತದ. ಔಷಧದ ಮಾತು ಡಾಕ್ಟರ್ ಕೈಯಾಗ. ನಿನ್ನ ಕೇಳಬೇಕಂತ ನಾ ಓದಿದ್ದರಾಗ ಎಲ್ಲೂ ಇಲ್ಲವ್ವಾ."

ಅಕ್ಕ ಗಂಗವ್ವ ಪ್ರತಿ ವಾರ ಬಸ್ಸು ಹಿಡಿದು ರೊಟ್ಟಿ ತರುತ್ತಿದ್ದಳು. ಆ ವಾರ ಅವಳ ಕೈ ಹಿಡಿದು ಡಾಕ್ಟರ ಕೋಣೆಗೆ ಹೋದೆ.

"ಔಷಧ ಬಿಡಸ್ರಿ ಅನ್ನಂಗಿಲ್ರಿ," ಎಂದಳು ಅಕ್ಕ. "ಆಕಿಗೆ ಮಾತು ಬರೂವಂಗ ಮಾಡ್ರಿ. ಕೇಸ್ ಆಕಿದು."

ಡಾಕ್ಟರು ನನ್ನ ಕಡೆ ತಿರುಗಿದರು. "ಡೋಸ್ ಇಳಿಸಿದ್ರ ಧ್ವನಿ ಮತ್ತ ಬರಬಹುದು, ನೀಲವ್ವಾ. ಏನ್ ಮಾಡೂಣು?"

ನನ್ನನ್ನು ಕೇಳಿದ್ದರು.

"ಇಳಸ್ರಿ. ಧ್ವನಿ ಬಂದ್ರ ನಾನಽ ಹೇಳ್ತೀನ್ರಿ."

ಡೋಸ್ ಇಳಿಯಿತು. ಮೈ ಬಿಗಿತಕ್ಕೆ ಬೇರೊಂದು ಗುಳಿಗೆ ಸೇರಿತು. ಅಂದಿನಿಂದ ನಾನೇ ಕೈ ಒಡ್ಡಿ ತೆಗೆದುಕೊಂಡೆ.

ತಾರೀಖಿನ ದಿನ ಕಟಕಟೆಯಲ್ಲಿ ನಿಂತೆ. ಎದುರಿಗಿದ್ದ ಈರಪ್ಪಣ್ಣನ ಮುಂಗೈ ಪೂರ್ತಿ ತಿರುಗುತ್ತಿರಲಿಲ್ಲ. ಅದನ್ನು ನೋಡಿಕೊಂಡೇ ಹೇಳಿದೆ. "ಹೊಡದಾಕಿ ನಾನಽ ರಿ. ಹಿಟ್ಟಿನ್ಯಾಗ ವಿಷ ಐತಿ ಅಂತ ಖರೇನ ನಂಬಿದ್ದೆ. ಇರಲಿಲ್ಲ ಅಂತ ಈಗ ಗೊತ್ತಾಗೇತ್ರಿ."

"ಔಷಧ ಮನಸ್ಸಿದ್ದು ತಗೋತೀಯೇನು?" ಮ್ಯಾಜಿಸ್ಟ್ರೇಟರು ಕೇಳಿದರು.

"ಈಗ ಹೌದ್ರಿ. ಮದಲ ಹಿಡದು ಹಾಕಿದ್ರು. ಅದರಿಂದನ ಆರಾಮಾತು. ಆದ್ರ ಹೇಳಿ ಹಾಕಬಹುದಿತ್ತ್ರಿ."

ಅವರು ಬರೆದುಕೊಂಡರು.

ಹೊಡೆದಾಗ ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದು ಶಿಕ್ಷೆ ಆಗಲಿಲ್ಲ. ಅಕ್ಕನ ಜಾಮೀನಿನ ಮೇಲೆ, ಚಿಕಿತ್ಸೆ ಬಿಡಬಾರದೆಂಬ ಕರಾರಿನ ಮೇಲೆ ಮನೆಗೆ ಕಳಿಸಿದರು.

ಈಗ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿಬರುತ್ತೇನೆ. ರೋಗ ತಿರುಗಿ ಬಾರದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಅದಕ್ಕೇ ನೆಟ್ಟಗಿರುವಾಗಲೇ ಅಕ್ಕನಿಗೆ ಹೇಳಿಟ್ಟಿದ್ದೇನೆ.

"ಮತ್ತ ತಲಿ ಕೆಟ್ರ ಮದಲ ತಿಳಿಸಿ ಹೇಳು. ಇನ್ನೊಮ್ಮೆ ಹೇಳು. ಆಗೂ ಯಾರ ಮ್ಯಾಲರ ಕೈ ಎತ್ತಿದ್ರ ಹಿಡದು ಸೂಜಿ ಹಾಕಸು. ನಾ ಬೈಯಂಗಿಲ್ಲ."

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಬೈತಿ ಬೇ. ಬೈದ್ರೂ ಹಾಕಸ್ತೀನಿ. ಆದ್ರ ಹೇಳೇ ಹಾಕಸ್ತೀನಿ."